ಕ್ಯಾಥರೀನ್ ಎಂಬ ಹೆಸರಿನವರು

ಹತ್ತು ವರ್ಷ ತುಂಬುವವರೆಗೆ ನನಗೆ ಎರಡು ಹೆಸರುಗಳಿದ್ದವು. ಮನೆಯಲ್ಲಿ ಮಾತ್ರ ಅವೆರಡರಲ್ಲಿ ಒಂದರಿಂದಲೂ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಕ್ಯಾಥರೀನ್. ಉಡುಪಿ ಕಡೆಯ ಊರಿನಲ್ಲಿದ್ದ ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ತಿಳಿದುಕೊಂಡಿದ್ದ ಪ್ರಕಾರ ನಾನು ರುಕ್ಮಿಣಿ. ಅದು ಅವರದೇ ಹೆಸರು. ಹಿರಿಮಗನ ಮೊದಲ ಹೆಣ್ಣುಮಗುವಿಗೆ ಅಜ್ಜಿಯ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಇಂಥ ಹಸಿ ಸುಳ್ಳು ಹತ್ತು ವರ್ಷ ಹೇಗೆ ಬಾಳಿತು ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಅದನ್ನು ಬಾಳಿಸಿದ್ದು ಪದ್ಧತಿಯೇ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ, ಹೆತ್ತವಳ ಹೆಸರನ್ನು ಮಗ ಕೂಗುವಂತಿಲ್ಲ. "ಏ ರುಕ್ಮಿಣಿ, ಮೂಗು ಒರೆಸಿಕೋ" ಎಂದು ಮಗುವನ್ನು ಗದರಿದರೆ ಅದು ಹೋಗಿ ಯಾರಿಗೆ ತಾಗುತ್ತದೆ? ಹಾಗಾಗಿ ಅಜ್ಜಿಯ ಹೆಸರು ಹೊತ್ತ ಮಕ್ಕಳಿಗೆ ನಮ್ಮಲ್ಲಿ ಯಾವಾಗಲೂ ಬೇರೆ ಒಂದು ಮುದ್ದಿನ ಹೆಸರು ಇರುತ್ತದೆ. ನಾನು ಚಿನ್ನಿ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಇಡೀ ಕೇರಿಗೆ ನಾನು ಚಿನ್ನಿ. ಅಜ್ಜಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ.

ನಾವಿದ್ದದ್ದು ಗಲ್ಫಿನಲ್ಲಿ, ಗುದೈಬಿಯಾ ಎಂಬ ಪೇಟೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ಇರಬೇಕಾದ ಅಡುಗೆಮನೆ. ದೇವರಿದ್ದದ್ದು ಹಾಲ್‌ನ ಕಪಾಟಿನಲ್ಲಿ. ಅಪ್ಪ ಊದುಬತ್ತಿ ಹಚ್ಚಿ ಬಾಗಿಲು ಹಾಕಿದರೆ ಅಲ್ಲಿಗೆ ಪೂಜೆ ಮುಗಿಯಿತು. ಕೆಳಗೆ ಕೋಲ್ಡ್ ಸ್ಟೋರ್ ಎನ್ನುವ ಒಂದು ದಿನಸಿ ಅಂಗಡಿ, ಅದರ ಪಕ್ಕ ಖುಬ್ಬೂಸ್ ಎಂಬ ಅರಬ್ಬಿ ರೊಟ್ಟಿ ಸುಡುವ ಅಂಗಡಿ. ರಜೆಯ ದಿನದ ಕೋಳಿಸಾರಿಗೆ ಊರಿನವರು ಒಣರೊಟ್ಟಿ ಹುಡುಕಿದರೆ ನಾವು ಆ ಬಿಸಿ ಖುಬ್ಬೂಸನ್ನೇ ಹರಿದು ಅದ್ದಿಕೊಂಡು ತಿನ್ನುತ್ತಿದ್ದೆವು. ಜೂನ್ ಬಂತೆಂದರೆ ತಾರಸಿಯ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾಯುತ್ತಿತ್ತು. ಆಗ ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರಿನಲ್ಲಿ ಸ್ನಾನ. ತಣ್ಣೀರು ಬೇಕಾದರೆ ಕೆಂಪು ಗುರುತಿನ ನಲ್ಲಿ, ಬಿಸಿನೀರು ಬೇಕಾದರೆ ನೀಲಿ ಗುರುತಿನ ನಲ್ಲಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಮೊದಲ ಬಾರಿಗೆ ಬಂದ ಅಜ್ಜಿ, ಬಂದ ಮರುದಿನವೇ ಬೆನ್ನು ಸುಟ್ಟುಕೊಂಡು ಬಚ್ಚಲಿನಿಂದ ಕೂಗಿದರು:

"ಎಂತ ಊರು ಮಾರಾಯ್ತಿ ಇದು! ಎಲ್ಲ ಉಲ್ಟಾ!"

ಅಜ್ಜಿ ಬರುವ ಮೊದಲು ಅಮ್ಮ ನನ್ನನ್ನು ಮಂಚದ ಮೇಲೆ ಕೂರಿಸಿ ಪಾಠ ಹೇಳಿದ್ದಳು. ಶಾಲೆಯಲ್ಲಿ ಕರೆಯುವ ಹೆಸರನ್ನು ಅಜ್ಜಿಯ ಎದುರು ಎತ್ತಬಾರದು, ಪುಸ್ತಕಗಳಿಗೆ ಬೈಂಡು ಹಾಕಿ ಹೆಸರಿನ ಚೀಟಿ ಅಂಟಿಸದೆ ಇಡಬೇಕು, ಗೆಳತಿಯರು ಫೋನ್ ಮಾಡಿದರೆ ನಾನೇ ಓಡಿಹೋಗಿ ಎತ್ತಬೇಕು. ಯಾಕೆ ಎಂದರೆ "ಅಜ್ಜಿಗೆ ಬೇಜಾರಾಗ್ತದೆ" ಎಂದಷ್ಟೇ ಉತ್ತರ. ಕ್ಯಾಥರೀನ್ ಎಂದು ಯಾಕಿಟ್ಟಿರಿ ಎಂದರೆ "ಆಸ್ಪತ್ರೆಯಲ್ಲಿ ನಿನ್ನನ್ನು ಮೊದಲು ಕೈಯಲ್ಲಿ ಹಿಡಿದ ಸಿಸ್ಟರ್ ಹೆಸರು" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಕೇಳಿದರೆ ಅವಳ ಮುಖ ಗಂಟಾಗುತ್ತಿತ್ತು. ನನಗೂ ಆ ಹೆಸರಿನ ಮೇಲೆ ದೊಡ್ಡ ಮಮತೆಯೇನೂ ಇರಲಿಲ್ಲ. ಹಣೆಗೆ ಬೊಟ್ಟು ಇಟ್ಟುಕೊಂಡು ಹೋದರೆ ಮಕ್ಕಳು "ನೀನು ಯಾವ ಕ್ಯಾಥರೀನ್?" ಎಂದು ನಗುತ್ತಿದ್ದರು. ಹೊಸ ಟೀಚರು ಹಾಜರಿ ಕರೆದು ತಲೆಯೆತ್ತಿ ನನ್ನನ್ನು ನೋಡಿದಾಗಲೆಲ್ಲ ನಾನು ಯಾರದೋ ಚಪ್ಪಲಿ ಹಾಕಿಕೊಂಡು ಬಂದವಳಂತೆ ಮುದುಡುತ್ತಿದ್ದೆ.

ನಮ್ಮ ಪುಣ್ಯಕ್ಕೆ ಆ ವರ್ಷವೇ ಶಾಲೆಯಲ್ಲಿ ಹೊಸದೊಂದು ಹುಚ್ಚು ಹತ್ತಿತು. ಪ್ರತಿಯೊಬ್ಬರೂ ತಮ್ಮದೇ ಹೆಸರಿನ, ಇತಿಹಾಸದಲ್ಲಿ ಆಗಿಹೋದ ದೊಡ್ಡವರನ್ನು ಹುಡುಕಿ ವೇದಿಕೆಯ ಮೇಲೆ ಅವರ ಬಗ್ಗೆ ಮಾತನಾಡಬೇಕು; ಮನೆಯವರೆಲ್ಲ ಬರಬೇಕು. ಅಶೋಕ ಎಂಬ ಹುಡುಗನಿಗೆ ಚಕ್ರವರ್ತಿ ಕೂತಲ್ಲೇ ಸಿಕ್ಕಿದ. ಜಾರ್ಜ್ ಎಂಬವನಿಗೆ ರಾಜರು ಸಾಲಾಗಿ ಬಂದರು. ನನ್ನ ಗೆಳತಿ ದೀಪ್ತಿ ಮಾತ್ರ ಇಡೀ ಲೈಬ್ರರಿ ಜಾಲಾಡಿಯೂ ಯಾರೂ ಸಿಗದೆ ಅತ್ತಳು. ನನಗೆ ಸಿಕ್ಕಿದವರ ಲೆಕ್ಕ ನೋಡಿ ನಾನೇ ದಂಗಾದೆ. ಇಂಗ್ಲೆಂಡು, ಪೋರ್ಚುಗಲ್ಲು, ರಷ್ಯಾ, ಇಟಲಿ, ಎಲ್ಲಿ ನೋಡಿದರೂ ಕ್ಯಾಥರೀನ್. ಅವರವರ ಭಾಷೆಯಲ್ಲಿ ಅವರನ್ನು ಬೇರೆ ಬೇರೆ ತರ ಕರೆಯುತ್ತಿದ್ದರಂತೆ, ಇಂಗ್ಲಿಷಿನವರು ಎಲ್ಲರನ್ನೂ ತಮ್ಮ ಒಂದೇ ಹೆಸರಿಗೆ ತಂದು ನಿಲ್ಲಿಸಿದರು ಎಂದು ಟೀಚರು ಹೇಳಿದರು. ನನಗೆ ಅದೆಲ್ಲ ಬೇಕಿರಲಿಲ್ಲ. ಅಷ್ಟು ಜನ ರಾಣಿಯರು ನನ್ನ ಹೆಸರಿನವರು ಎಂಬುದೇ ಸಾಕಿತ್ತು. ಮೊದಲ ಸಲ ನಾನು ಎದೆಯೆತ್ತಿ ಮನೆಗೆ ಬಂದೆ.

ಬಂದವಳಿಗೆ ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ. ಅಮ್ಮ ಅಡುಗೆಮನೆಯಲ್ಲಿದ್ದಳು, ಅಪ್ಪ ಕಂಪನಿಯಲ್ಲಿ. ಹಾಲ್‌ನಲ್ಲಿ ಅಜ್ಜಿ ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಸಂಸಾರಗಳ ಜಗಳದ ಕತೆಯೆಂದರೆ ಅವರಿಗೆ ಪಂಚಪ್ರಾಣ. ಟೀಚರು ಚೀಟಿ ಎತ್ತಿಸಿ ಈ ಹೆಸರು ಕೊಟ್ಟಿದ್ದಾರೆ ಎಂದು ಒಂದು ಸುಳ್ಳು ಬಿಟ್ಟು, ಆರು ಮದುವೆಯಾದ ಇಂಗ್ಲೆಂಡಿನ ರಾಜನಿಂದ ಶುರು ಮಾಡಿದೆ. ಆ ಆರರಲ್ಲಿ ಮೂವರು ಕ್ಯಾಥರೀನರು.

"ಒಬ್ಬನಿಗೇ ಒಂದೇ ಹೆಸರಿನವರು ಮೂರು ಮಂದಿಯಾ? ಬೈಲಿಕ್ಕೆ ಕರೆದ್ರೆ ಯಾರು ಬರುದು?"

"ಒಟ್ಟಿಗೆ ಅಲ್ಲ ಅಜ್ಜಿ. ಒಬ್ಬಳನ್ನು ಬಿಟ್ಟ. ಇನ್ನೊಬ್ಬಳ ತಲೆ ತೆಗೆಸಿದ. ಕೊನೆಯವಳು ಅವನು ಸತ್ತ ಮೇಲೂ ಬದುಕಿದ್ಲು."

"ಆ ಕೊನೆಯವಳು ಬುದ್ಧಿವಂತೆ. ಅವಳದ್ದು ಸರಿಯಾಗಿ ಹೇಳು."

ಪೋರ್ಚುಗಲ್ಲಿನ ರಾಜಕುಮಾರಿ ಇಂಗ್ಲೆಂಡಿಗೆ ಸೊಸೆಯಾಗಿ ಹೋಗುವಾಗ ಬಳುವಳಿಯಲ್ಲಿ ಬೊಂಬಾಯಿಯನ್ನು ಕೊಟ್ಟರು ಎಂದಾಗ ಅಜ್ಜಿಯ ಕೈ ನಿಂತಿತು.

"ಯಾವ ಬೊಂಬಾಯಿ? ನನ್ನ ತಮ್ಮ ಹೋಟೆಲು ಇಟ್ಟದ್ದಲ್ವಾ, ಆ ಬೊಂಬಾಯಿಯಾ? ಇಶ್ಶಿ, ಹುಡುಗನ ಕಡೆಯವರಿಗೆ ಅಷ್ಟೂ ಆಸೆಯಾ!"

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ರಷ್ಯಾದ ಮಹಾರಾಣಿ. ಜರ್ಮನಿಯ ಕಡೆಯ ಹುಡುಗಿ, ಮದುವೆಗೆಂದು ಕರೆತಂದು ಧರ್ಮ ಬದಲಿಸಿ ಕ್ಯಾಥರೀನ್ ಎಂದು ಹೊಸ ಹೆಸರಿಟ್ಟರು. ಮುಂದೆ ಅವಳೇ ಗಂಡನನ್ನು ಇಳಿಸಿ ಸಿಂಹಾಸನದಲ್ಲಿ ಕೂತಳು. ಸಿಡುಬಿಗೆ ಚುಚ್ಚಿಸಿಕೊಳ್ಳಲು ಜನ ಹೆದರಿದಾಗ ಮೊದಲು ತನ್ನ ತೋಳನ್ನೇ ಮುಂದೆ ಮಾಡಿದಳು. ಅಜ್ಜಿ ಕೇಳಿದ್ದು ಒಂದೇ: ಹೆಸರು ಬದಲಿಸುವಾಗ ಆ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರಾ? ಪುಸ್ತಕದಲ್ಲಿ ಅದು ಇರಲಿಲ್ಲ. ಒಂದು ವಾರ ಪೂರ್ತಿ ನಾನು ಇಂಗ್ಲಿಷಿನ ಭಾಷಣ ಬಾಯಿಪಾಠ ಮಾಡಿದೆ, ಅಜ್ಜಿ ಎದುರು ಕೂತು ಒಪ್ಪಿಸಿಕೊಂಡರು. ಅರ್ಥವಾಗದಿದ್ದರೂ ನಾನು ಎಲ್ಲಿ ತಡವರಿಸಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಅವರೆದುರು ನಾನು ಭಾಷಣದ ಮೊದಲ ಸಾಲನ್ನು ಮಾತ್ರ ನುಂಗಿಬಿಡುತ್ತಿದ್ದೆ.

ಶಾಲೆಗೆ ಬರಬೇಡ ಎಂದು ಅಪ್ಪ ಅಜ್ಜಿಗೆ ನಾನಾ ತರದಲ್ಲಿ ಹೇಳಿ ನೋಡಿದರು. ಬಿಸಿಲು, ತಲೆಸುತ್ತು, ಮೆಟ್ಟಿಲು. ಅಜ್ಜಿ ಬೆಳಿಗ್ಗೆ ಆರಕ್ಕೇ ರೇಷ್ಮೆ ಸೀರೆ ಉಟ್ಟು, ಕೈಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿದ್ದರು. ಅಮ್ಮ ದೋಸೆ ಹೊಯ್ಯುತ್ತಾ ಎರಡು ಸಲ ಕೈ ಸುಟ್ಟುಕೊಂಡಳು. ವೇದಿಕೆಯ ನಿಯಮ ಒಂದೇ: ಪ್ರತಿ ಮಗುವೂ ಮೊದಲು ತನ್ನ ಹೆಸರು ಹೇಳಬೇಕು. ನನ್ನ ಸರದಿ ಬಂದಾಗ ಮೂರನೇ ಸಾಲಿನಲ್ಲಿ ಅಜ್ಜಿ ಕಂಡರು, ಬಾಯಿ ಅಲ್ಲಾಡಿಸುತ್ತಾ ನನ್ನ ಜೊತೆ ಹೇಳಲು ತಯಾರಾಗಿ ಕೂತಿದ್ದರು. ನಾನು "ಮೈ ನೇಮ್ ಈಸ್ ಕ್ಯಾಥರೀನ್" ಎಂದೆ. ಅಷ್ಟು ಇಂಗ್ಲಿಷು ಅಜ್ಜಿಗೆ ಬರುತ್ತಿತ್ತು. ಆಮೇಲೆ ನಾನು ಏನು ಹೇಳಿದೆನೋ ನೆನಪಿಲ್ಲ. ಚಪ್ಪಾಳೆ ಬಿತ್ತು, ಒಂದು ಪೆನ್ಸಿಲ್ ಬಾಕ್ಸ್ ಬಹುಮಾನವೂ ಬಂತು. ಸಾಲದೆಂಬಂತೆ ಟೀಚರು ಕೆಳಗಿಳಿದು ಬಂದು ಅಜ್ಜಿಯ ಕೈ ಹಿಡಿದು, "ಆಪ್‌ಕಿ ಪೋತಿ ಕ್ಯಾಥರೀನ್ ಬಹುತ್ ಅಚ್ಛಾ ಬೋಲಿ" ಎಂದು ಮೊಮ್ಮಗಳ ಭಾಷಣವನ್ನು ಹೊಗಳಿ ಹೋದರು. ಅಜ್ಜಿ ಅವರಿಗೆ ನಮಸ್ಕಾರ ಮಾಡಿದರು. ನಮ್ಮ ಕಡೆ ತಿರುಗಲೇ ಇಲ್ಲ.

ಮನೆಗೆ ಬಂದವರು ಸೀರೆ ಬದಲಿಸದೆ ಹಾಲ್‌ನಲ್ಲಿ ಕೂತರು.

"ಚಿನ್ನಿಯ ಹೆಸರು ಎಂತ?"

"ಅಮ್ಮಾ, ಮೊದಲು ಊಟ ಮಾಡು, ಮತ್ತೆ ಮಾತಾಡುವ," ಎಂದರು ಅಪ್ಪ.

"ಊಟ ಎಲ್ಲಿಗೂ ಓಡಿ ಹೋಗುದಿಲ್ಲ. ಹತ್ತು ವರ್ಷದ ಹಿಂದೆ ಫೋನಿನಲ್ಲಿ ನೀನೇ ಹೇಳಿದ್ದು, ನಿನ್ನ ಹೆಸರೇ ಇಟ್ಟೆವು ಅಮ್ಮಾ ಅಂತ. ಹೇಳು, ಹೆಸರು ಎಂತ?"

ಅಪ್ಪ ದೇವರ ಕಪಾಟಿನ ಕಡೆ ನೋಡಿದರು. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಅಮ್ಮ ಸೌಟು ಹಿಡಿದೇ ನಿಂತಿದ್ದಳು.

"ಕ್ಯಾಥರೀನ್. ನಾನೇ ಇಟ್ಟದ್ದು ಅತ್ತೆ."

"ಯಾಕೆ?"

"ನೀವು ಬರ್ಲಿಲ್ಲ. ಅದಕ್ಕೆ."

ನನ್ನ ಅಮ್ಮ ಅತ್ತೆಯ ಎದುರು ಅಷ್ಟು ಮಾತನಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡವಳಲ್ಲ. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಸುರಿಯಾಗಿದ್ದಾಗ ರಕ್ತದೊತ್ತಡ ಏರಿ, ವಿಮಾನ ಹತ್ತಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಬಾಣಂತನಕ್ಕೆ ಅಜ್ಜಿಯೇ ಇಲ್ಲಿಗೆ ಬರುವುದೆಂದು ಮಾತಾಗಿತ್ತು. ಕೊನೆಯ ಗಳಿಗೆಯಲ್ಲಿ ಅಜ್ಜಿ ನಿಂತುಬಿಟ್ಟರು.

"ವೀಸಾ ಆಗಿತ್ತು, ಟಿಕೆಟ್ ಆಗಿತ್ತು. ನಿಮಗೆ ಅಂತ ಹೊಸ ಹಾಸಿಗೆ ತಂದಿಟ್ಟಿದ್ದೆ. ನಿಮ್ಮ ಮಗಳಿಗೂ ಅದೇ ತಿಂಗಳು ಹೆರಿಗೆ ಅಂತ ಹೇಳಿ ನಿಂತ್ರಿ. ಅವಳಿಗೆ ಅಲ್ಲಿ ಗಂಡನ ಮನೆಯವರು ಹತ್ತು ಮಂದಿ ಇದ್ರು ಅತ್ತೆ. ನನಗೆ ಇಲ್ಲಿ ಯಾರಿದ್ರು? ಮೂರು ದಿನ ನನಗೆ ಎದ್ದು ಕೂತ್ಕೊಳ್ಳಿಕ್ಕೆ ಆಗ್ಲಿಲ್ಲ. ಮಂಗಳೂರಿನ ಸಿಸ್ಟರ್ ಅದು. ಡ್ಯೂಟಿ ಮುಗಿದ ಮೇಲೂ ಕೂತು ನನ್ನ ತಲೆ ಬಾಚಿದ್ರು. ಮನೆಯಿಂದ ಕುಚ್ಚಲಕ್ಕಿ ಗಂಜಿ ಮಾಡಿ ತಂದು ಬಾಯಿಗೆ ಇಟ್ರು. ಬರ್ತ್ ಸರ್ಟಿಫಿಕೇಟಿನ ಫಾರ್ಮು ತಂದು ಮಗುವಿನ ಹೆಸರು ಬರೀರಿ ಅಂತ ಹೇಳುವಾಗ ನನಗೆ ಬೇರೆ ಯಾವ ಹೆಸರೂ ಕೈಗೆ ಬರ್ಲಿಲ್ಲ. ನನಗೆ ಸಿಟ್ಟಿತ್ತು. ಈಗ್ಲೂ ಉಂಟು."

ಅಜ್ಜಿ ಆ ಮಧ್ಯಾಹ್ನ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಕಾಫಿಯ ಲೋಟ ಕೆಳಗಿಟ್ಟು ಅಪ್ಪನಿಗೆ ಆಜ್ಞೆ ಮಾಡಿದರು: ತಾನು ಊರಿಗೆ ಹಿಂದಿರುಗುವ ಮೊದಲು ಹುಡುಗಿಯ ಹೆಸರು ಬದಲಾಗಬೇಕು. ಅಪ್ಪನಿಗೆ ಬದುಕಿದೆಯಾ ಬಡಜೀವವೇ ಎನ್ನುವಷ್ಟು ಹಗುರವಾಯಿತು. ಜಗಳ ಬಿಡಿಸುವುದಕ್ಕಿಂತ ಅರ್ಜಿ ತುಂಬುವುದು ಅವರಿಗೆ ಸುಲಭ. ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಎಂಬೆಸಿಯ ಫಾರ್ಮು, ಎಲ್ಲ ಒಂದು ನೀಲಿ ಫೈಲಿನಲ್ಲಿ ಸೇರತೊಡಗಿದವು. ಅಮ್ಮ ಬೇಡ ಎನ್ನಲಿಲ್ಲ, ಆದರೆ ಪಾತ್ರೆಗಳ ಸದ್ದು ಜೋರಾಯಿತು. ಅತ್ತೆ ಸೊಸೆ ನೇರ ಮಾತು ಬಿಟ್ಟರು. ಮೂರು ಜನ ಒಂದೇ ಎಸಿಯ ಕೆಳಗೆ ಕೂತಿದ್ದರೂ "ಚಿನ್ನಿ, ಅಜ್ಜಿಗೆ ಇನ್ನೊಂದು ದೋಸೆ ಬೇಕಾ ಕೇಳು," "ಚಿನ್ನಿ, ಸಾಕು ಅಂತ ಹೇಳು." ನನಗೆ ಓಡಾಡುವ ಕೆಲಸವೂ ಇರಲಿಲ್ಲ, ತಲೆ ಆ ಕಡೆ ಈ ಕಡೆ ತಿರುಗಿಸಿದರೆ ಆಯಿತು. ಒಳಗೊಳಗೆ ನಾನು ಕುದಿಯುತ್ತಿದ್ದೆ. ನಗೆಗೀಡಾಗಿ ಹೊತ್ತು ತಿರುಗಿದ ಹೆಸರನ್ನು ಅಂತೂ ಪ್ರೀತಿಸಲು ಕಲಿತಿದ್ದೆ. ಈಗ ಅದನ್ನು ನನ್ನಿಂದ ಕಿತ್ತುಕೊಳ್ಳಲು ಹೊರಟಿದ್ದರು. ನನ್ನನ್ನು ಕೇಳಿದವರು ಒಬ್ಬರೂ ಇಲ್ಲ.

ಒಂದು ಗುರುವಾರ ಅಪ್ಪ ಫೈಲು ತಂದು, ಇಲ್ಲಿನ ಶುಕ್ರವಾರ ಶನಿವಾರದ ರಜೆ ಕಳೆದು ಭಾನುವಾರ ಎಂಬೆಸಿಗೆ ಹೋಗುವುದೆಂದರು. ಅಜ್ಜಿ ಸುಮ್ಮನೆ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಚಿನ್ನಿ, ಆ ಸಿಸ್ಟರ್ ಈಗ ಎಲ್ಲಿದ್ದಾಳೆ ಅಂತ ನಿನ್ನ ಅಮ್ಮನಿಗೆ ಕೇಳು. ಒಂದ್ಸಲ ನೋಡ್ಬೇಕು ಅವಳನ್ನು."

ಅಮ್ಮ ಹತ್ತು ವರ್ಷದಿಂದ ಹೋಗಬೇಕು ಹೋಗಬೇಕು ಎನ್ನುತ್ತಾ ಹೋಗದೇ ಉಳಿದವಳು. ಒಮ್ಮೆ ಸಿಹಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿದ್ದಳಂತೆ, ಸಿಸ್ಟರ್ ರಜೆಯಲ್ಲಿದ್ದರು, ಅಲ್ಲಿಗೆ ನಿಂತಿತ್ತು. ಈಗ ಕೆಳಗಿನ ಮಹಡಿಯ ಮಂಗಳೂರಿನ ಕೊಂಕಣಿಯವರಲ್ಲಿ ಕೇಳಿ ಅರ್ಧ ಗಂಟೆಯಲ್ಲಿ ವಿಳಾಸ ತಂದಳು: ಸೇತುವೆಯಾಚೆ, ಬುಸೈತೀನ್‌ನಲ್ಲಿ ಒಂದು ಫ್ಲಾಟು. ಅವಳ ಮುಖ ನೋಡಬೇಕಿತ್ತು. ಸಿಸ್ಟರ್ ಬಾಯಿಂದಲೇ ಎಲ್ಲ ಬರಲಿ, ಅತ್ತೆಗೆ ಆಗ ಗೊತ್ತಾಗುತ್ತದೆ ಎಂದು ಅವಳು ಗೆದ್ದವಳಂತೆ ಓಡಾಡಿದಳು. ಶುಕ್ರವಾರ ಸಂಜೆ ನಾಲ್ಕಕ್ಕೆ ನಾವು ಮೂವರೂ ಟ್ಯಾಕ್ಸಿ ಹಿಡಿದು ಸಮುದ್ರದ ಮೇಲಿನ ಮುಹರ್ರಕ್ ಸೇತುವೆ ದಾಟಿದೆವು. ಅಮ್ಮನ ಮಡಿಲಲ್ಲಿ ಸಿಹಿಯ ಡಬ್ಬ, ಅಜ್ಜಿಯ ಮಡಿಲಲ್ಲಿ ಕೈಚೀಲ.

ಸಿಸ್ಟರ್ ಕುಳ್ಳಗೆ, ದಪ್ಪಗೆ, ಕೂದಲು ಅರ್ಧ ನೆರೆತವರು. ಬಾಗಿಲು ತೆರೆದು ಅಪರಿಚಿತರನ್ನು ಕಂಡರೂ ಊರಿನ ಮಾತು ಕಿವಿಗೆ ಬಿದ್ದದ್ದೇ "ಬನ್ನಿ ಬನ್ನಿ, ಕೂತ್ಕೊಳ್ಳಿ ಮಾರ್ರೆ, ಎಂತ ಸೆಕೆ" ಎಂದು ಶರಬತ್ತು ತಂದರು. ಅಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಯಾವ ವಾರ್ಡು, ಯಾವ ಮಂಚ, ಗಂಜಿಯ ಜೊತೆ ತಂದ ಮಿಡಿ ಉಪ್ಪಿನಕಾಯಿ. ಸಿಸ್ಟರ್ ತಲೆ ಓರೆ ಮಾಡಿ ಕೇಳಿದರು, ಅಮ್ಮನ ಮುಖವನ್ನು ಒಂದು ಕಡೆಯಿಂದ ನೋಡಿದರು, ಇನ್ನೊಂದು ಕಡೆಯಿಂದ ನೋಡಿದರು. ಕೊನೆಗೆ ಕೈ ಚೆಲ್ಲಿದರು.

"ಬೇಜಾರು ಮಾಡ್ಬೇಡಿ ಆಯ್ತಾ. ನನಗೆ ನೆನಪಾಗುದಿಲ್ಲ. ಆಗ ಊರಿನವರು ಯಾರು ಬಂದ್ರೂ ನಾನು ಗಂಜಿ ತಗೊಂಡು ಹೋಗ್ತಿದ್ದೆ. ಎಷ್ಟು ಮಂದಿಯನ್ನು ಅಂತ ನೆನಪು ಇಟ್ಕೊಳ್ಳುದು ಹೇಳಿ?"

"ಇವಳಿಗೆ ನಿಮ್ಮ ಹೆಸರೇ ಇಟ್ಟದ್ದು," ಎಂದಳು ಅಮ್ಮ. ಅವಳ ಸ್ವರ ಬಿದ್ದುಹೋಗಿತ್ತು.

"ನನ್ನ ಹೆಸರಾ? ಅಯ್ಯೋ ದೇವರೇ! ಬೇರೆ ಚಂದದ ಹೆಸರು ಸಿಗ್ಲಿಲ್ವಾ ನಿಮಗೆ? ಇದು ನನ್ನ ಅಜ್ಜಿಯ ಹೆಸರು, ನಮ್ಮಲ್ಲಿ ಅಜ್ಜಿಯದ್ದೇ ಇಡ್ಬೇಕು ಅಂತ ಉಂಟು. ಸಣ್ಣವಳಿರುವಾಗ ನನಗೆ ಚೂರೂ ಇಷ್ಟ ಇರ್ಲಿಲ್ಲ."

ಬಂದಾಗಿನಿಂದ ತುಟಿ ಬಿಚ್ಚದ ಅಜ್ಜಿ ಆಗ ನಕ್ಕರು. "ಅಂತೂ ಇವಳಿಗೆ ಅಜ್ಜಿಯ ಹೆಸರೇ ಬಂತು," ಎಂದರು, "ಯಾರದ್ದೋ ಅಜ್ಜಿಯದ್ದು." ಸಿಸ್ಟರೂ ನಕ್ಕರು. ನನ್ನನ್ನು ಹತ್ತಿರ ಕರೆದು ಗಲ್ಲ ಹಿಡಿದು ನೋಡಿದರು, ನಾವು ತಂದ ಡಬ್ಬದಿಂದಲೇ ಒಂದು ತುಂಡು ಸಿಹಿ ನನ್ನ ಬಾಯಿಗೆ ಹಾಕಿದರು. ಹೊರಡುವಾಗ ಅಜ್ಜಿ ಅವರ ಎರಡೂ ಕೈಗಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

ಹಿಂದೆ ಬರುವಾಗ ಟ್ಯಾಕ್ಸಿಯಲ್ಲಿ ಅಜ್ಜಿ ಅಮ್ಮನ ನಡುವೆ ನಾನು. ಗಾಡಿ ಸೇತುವೆ ಹತ್ತಿತು. ಆಗ ಅಮ್ಮ, ಎರಡು ವಾರದಲ್ಲಿ ಮೊದಲ ಸಲ, ನನ್ನನ್ನು ಬಿಟ್ಟು ನೇರವಾಗಿ ಅತ್ತೆಯ ಜೊತೆಗೆ ಮಾತನಾಡಿದಳು.

"ಬದಲಿಸಿಬಿಡಿ ಅತ್ತೆ. ನೀವು ಹೇಳಿದ್ದೇ ಆಗ್ಲಿ. ಅವರಿಗೆ ನನ್ನ ಮುಖ ಸಹ ನೆನಪಿಲ್ಲ. ಇಷ್ಟು ವರ್ಷ ನಾನು ಎಂತ ಕಟ್ಟಿಕೊಂಡು ಕೂತದ್ದು?"

ಅಜ್ಜಿಗೆ ಬೇಕಾದದ್ದು ಕೈಗೆ ಬಂದಿತ್ತು. ಭಾನುವಾರದಿಂದ ನಾನು ರುಕ್ಮಿಣಿ ಎಂದು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡೆ. ಅಜ್ಜಿ ಕಿಟಕಿಯಾಚೆಯ ಸಮುದ್ರದಿಂದ ಮುಖ ತಿರುಗಿಸಿದರು.

"ಬೇಡ," ಎಂದರು. "ಅವಳಿಗೆ ತಾನು ಮಾಡಿದ್ದು ನೆನಪಿಲ್ಲ. ನಾನು ಮಾಡದೆ ಬಿಟ್ಟದ್ದು ನನಗೆ ಒಂದು ದಿನ ಸಹ ಮರೆತು ಹೋಗ್ಲಿಲ್ಲ. ಮಗುವಿಗೆ ಯಾರ ಹೆಸರು ಇರ್ಬೇಕು, ನೀನೇ ಹೇಳು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು, ತಡೆಯಲು ನೋಡಿದಷ್ಟೂ ಜೋರಾಯಿತು. ಡ್ರೈವರ್ ಪಾಕಿಸ್ತಾನದ ಮುದುಕ. ಗಾಬರಿಯಾಗಿ ಗಾಡಿ ನಿಧಾನ ಮಾಡಿ, ಕನ್ನಡಿಯಲ್ಲಿ ನೋಡಿ, ಏನಾಯಿತು ಎಂದು ಕೇಳಿದ. ಅಜ್ಜಿ ನನ್ನ ಮಡಿಲಿನ ಮೇಲಿನಿಂದ ಕೈ ಚಾಚಿ ಅಮ್ಮನ ಕೈ ಹಿಡಿದುಕೊಂಡು, ಬೊಂಬಾಯಿಯ ತಮ್ಮನ ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ ಅವನಿಗೆ ಉತ್ತರ ಕೊಟ್ಟರು.

"ಕುಛ್ ನಹೀಂ ಭಾಯ್. ಮೇರಿ ಬಹೂ ಹೈ. ಮೈಂ ದೇರ್ ಸೇ ಆಯಿ."

ನನ್ನ ಸೊಸೆ, ನಾನು ತಡವಾಗಿ ಬಂದೆ, ಎಂದಷ್ಟೇ. ಡ್ರೈವರಿಗೆ ಏನು ಅರ್ಥವಾಯಿತೋ, ತಲೆಯಾಡಿಸಿ ಗಾಡಿ ಮುಂದೆ ಬಿಟ್ಟ.